ಅಂಗಡಿಯ ಗುಮಾಸ್ತನೂ ಗಾಲ್ಫ್ ಚಕ್ರವರ್ತಿಗಳೂ

೨೦೨೧ನೆಯ ಇಸವಿಯ ಆಗಸ್ಟ್ ೭ರ ಬೆಳಗಿನಲ್ಲಿ, ಗಾಲ್ಫ್ ಆಟದ ಗಂಧಗಾಳಿಯನ್ನೂ ಅರಿಯದ ಎಷ್ಟೋ ಗೃಹಸ್ಥರು ದೂರದರ್ಶನದ ಮುಂದೆ ಕುಳಿತು, ಬೆಂಗಳೂರಿನ ಅದಿತಿ ಅಶೋಕ್ ಎಂಬ ತರುಣಿಯು ಟೋಕಿಯೋ ಒಲಿಂಪಿಕ್ ಕೂಟದಲ್ಲಿ ಹೊಡೆದ ಒಂದೊಂದು ಏಟನ್ನೂ ಉಸಿರು ಬಿಗಿಹಿಡಿದು ನೋಡಿದರು. ಒಂದೇ ಒಂದು ಏಟಿನ ಅಂತರದಲ್ಲಿ ಕಂಚಿನ ಪದಕವು ಕೈತಪ್ಪಿ, ಆಕೆಗೆ ನಾಲ್ಕನೆಯ ಸ್ಥಾನವು ದೊರೆಯಿತು. ಆ ದಿನ ಆಕೆಯ ಬೆನ್ನಿಗೆ ದಾಂಡುಗಳ ಚೀಲವನ್ನು ಹೊತ್ತು ಬಿಸಿಲಿನಲ್ಲಿ ನಡೆಯುತ್ತಿದ್ದವರು ಸಂಬಳಕ್ಕೆ ಗೊತ್ತುಮಾಡಿಕೊಂಡ ಆಳಲ್ಲ, ಹೆತ್ತ ತಾಯಿ.

ಈ ಆಟದಲ್ಲಿ ಚೀಲ ಹೊರುವವನಿಗೆ ‘ಕ್ಯಾಡಿ’ ಎಂದು ಹೆಸರು. ಯುದ್ಧದಲ್ಲಿ ಸಾರಥಿಯು ಹೇಗೋ ಈ ಆಟದಲ್ಲಿ ಕ್ಯಾಡಿಯು ಹಾಗೆ. ರಥವನ್ನು ನಡೆಸುವವನು ತಾನಾದರೂ ಕೀರ್ತಿಯು ಬಿಲ್ಲು ಹಿಡಿದವನಿಗೆ. ಬಹುಕಾಲದವರೆಗೆ ಈ ಕೆಲಸವು ಬಡವರ ಮಕ್ಕಳ ಪಾಲಿಗೆ ಬಿದ್ದಿತ್ತು. ಶ್ರೀಮಂತರು ಆಡುವರು, ಬಡವರ ಹುಡುಗರು ಹೊರುವರು ಎಂಬ ಈ ವ್ಯವಸ್ಥೆಯು ಸ್ವಭಾವಸಿದ್ಧವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ೧೯೧೩ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ, ಅಮೆರಿಕಾ ದೇಶದ ಬ್ರೂಕ್‌ಲೈನ್ ಎಂಬ ಊರಿನಲ್ಲಿ ಒಂದು ಪಂದ್ಯವು ನಡೆಯಿತು. ಆ ಪಂದ್ಯದ ವೃತ್ತಾಂತವನ್ನು ಈ ಲೇಖನದಲ್ಲಿ ವಾಚಕರ ಮುಂದಿಡುತ್ತೇನೆ. ಗಾಲ್ಫ್ ಬಲ್ಲವರಿಗೆ ಇದು ಹಳೆಯ ಕಥೆ. ಆದರೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಬಲ್ಲವರು ಎಷ್ಟು ಮಂದಿ?

ಮೊದಲು ಆಟದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ನಮ್ಮ ಹುಡುಗರು ಗೋಲಿಯನ್ನು ಕುಳಿಗೆ ಬೀಳಿಸುವ ಆಟವನ್ನೂ ಚಿನ್ನಿದಾಂಡನ್ನೂ ಕಂಡವರಿಗೆ ಇದು ತಿಳಿಯುವುದು ಕಷ್ಟವಲ್ಲ. ಅವೆರಡನ್ನೂ ಕೂಡಿಸಿ, ಬಯಲನ್ನು ನೂರು ಪಾಲು ಹಿಗ್ಗಿಸಿದರೆ ಗಾಲ್ಫ್ ಆಗುತ್ತದೆ. ವಿಶಾಲವಾದ ಹುಲ್ಲುಬಯಲಿನಲ್ಲಿ ದೂರದೂರಕ್ಕೆ ಹದಿನೆಂಟು ಕುಳಿಗಳು; ಒಂದೊಂದು ಕುಳಿಯ ಬಾಯಿ ನಾಲ್ಕೂಕಾಲು ಇಂಚು. ನಡುವೆ ಮರಗಳು, ಹಳ್ಳಗಳು, ಬೇಕೆಂದೇ ತೋಡಿದ ಮರಳುಗುಂಡಿಗಳು. ನಿಂಬೆಯ ಹಣ್ಣಿನಷ್ಟು ಗಾತ್ರದ ಚೆಂಡನ್ನು ದಾಂಡಿನಿಂದ ಹೊಡೆಯುತ್ತ ಒಂದೊಂದು ಕುಳಿಗೂ ಸೇರಿಸುತ್ತ ಹೋಗಬೇಕು. ಯಾರು ಕಡಿಮೆ ಏಟುಗಳಲ್ಲಿ ಹದಿನೆಂಟನ್ನೂ ಮುಗಿಸುವರೋ ಅವರದು ಗೆಲವು. ನುರಿತವನಿಗೆ ಒಂದು ಕುಳಿಗೆ ಇಷ್ಟು ಏಟು ಸಾಕೆಂದು ಮೊದಲೇ ಗೊತ್ತುಮಾಡಿರುತ್ತಾರೆ. ಮೂರು, ನಾಲ್ಕು, ದೂರವಾದರೆ ಐದು. ಬ್ರೂಕ್‌ಲೈನಿನ ಬಯಲಿನ ಒಂದು ಸುತ್ತು ಮೂರೂವರೆ ಮೈಲಿ. ಪಂದ್ಯವು ಅಂತಹ ನಾಲ್ಕು ಸುತ್ತುಗಳದು, ಅದೂ ಎರಡೇ ದಿನಗಳಲ್ಲಿ. ಸಮಬಲವಾದರೆ ಮತ್ತೊಂದು ಸುತ್ತು. ಆ ಐದು ಸುತ್ತುಗಳನ್ನು ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಕುರುಗೋಡಿನಿಂದ ಬಳ್ಳಾರಿಗೆ ಕಾಲ್ನಡಿಗೆಯಲ್ಲಿ ಹೋದಷ್ಟಾಗುತ್ತದೆ. ಗಾಲ್ಫನ್ನು ಮುದುಕರ ಆಟವೆಂದು ಹಾಸ್ಯ ಮಾಡುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ನಮ್ಮ ನಾಡಿಗೆ ಈ ಆಟವು ಬಂದುದು ಆಂಗ್ಲ ದೊರೆಗಳೊಡನೆ. ಕಲ್ಕತ್ತೆಯಲ್ಲಿ ೧೮೨೯ರಲ್ಲಿಯೂ ಬೆಂಗಳೂರಿನಲ್ಲಿ ೧೮೭೬ರಲ್ಲಿಯೂ ಗಾಲ್ಫ್ ಕ್ಲಬ್ಬುಗಳು ಸ್ಥಾಪಿತವಾದವು. ಅಮೆರಿಕಾದವರು ತಮ್ಮ ಸರ್ವಮುಕ್ತ ಚಾಂಪಿಯನ್‌ಷಿಪ್ ಪಂದ್ಯವನ್ನು ಆರಂಭಿಸಿದ್ದೇ ೧೮೯೫ರಲ್ಲಿ ಎಂಬುದನ್ನು ನೋಡಿದರೆ, ಬೆಂಗಳೂರಿನ ಬಯಲು ಎಷ್ಟು ಹಳೆಯದೆಂಬುದು ಮನಸ್ಸಿಗೆ ಹತ್ತುತ್ತದೆ. ಆದರೆ ಹಳೆಯದಾದ ಮಾತ್ರಕ್ಕೆ ಅದು ನಮ್ಮದಾಗಿರಲಿಲ್ಲ; ಆಡುವವರು ದೊರೆಗಳು, ಹೊರುವವರು ನಮ್ಮವರು.

ಇನ್ನೊಂದು ಭೇದವನ್ನೂ ತಿಳಿದಿರಬೇಕು. ಅದಿಲ್ಲದೆ ಬ್ರೂಕ್‌ಲೈನಿನ ಕಥೆಯ ಸ್ವಾರಸ್ಯವು ತಿಳಿಯುವುದಿಲ್ಲ. ಗಾಲ್ಫ್ ಆಡುವವರಲ್ಲಿ ಹವ್ಯಾಸಿಗಳೆಂದೂ ವೃತ್ತಿಗಾರರೆಂದೂ ಎರಡು ಪಂಗಡ. ಬಳ್ಳಾರಿಯವರಿಗೆ ಈ ಭೇದವನ್ನು ವಿವರಿಸಿ ಹೇಳಬೇಕಾದುದಿಲ್ಲ. ನಮ್ಮ ಬಳ್ಳಾರಿ ರಾಘವಾಚಾರ್ಯರು (೧೮೮೦–೧೯೪೬) ವಕೀಲಿಯಿಂದ ಜೀವನ ಸಾಗಿಸುತ್ತ, ರಂಗಭೂಮಿಯನ್ನು ಒಲವಿನಿಂದ ಸೇವಿಸಿದವರು. ಅದೇ ಕಾಲದಲ್ಲಿ ಊರಿಂದೂರಿಗೆ ಪರದೆ ಪೆಟ್ಟಿಗೆಗಳನ್ನು ಹೇರಿಕೊಂಡು ತಿರುಗಿ, ಟಿಕೀಟಿನ ಹಣದಲ್ಲಿಯೇ ಸಂಸಾರ ಹೊರೆದ ಕಂಪನಿ ನಟರು ಮತ್ತೊಂದು ಪಂಗಡದವರು. ಇಬ್ಬರಲ್ಲಿಯೂ ದೊಡ್ಡ ಕಲಾವಿದರಿದ್ದರು. ಆದರೆ ಸಮಾಜದ ಕಣ್ಣಿಗೆ ಮೊದಲನೆಯವನು ‘ರಾಯರು’, ಎರಡನೆಯವನು ‘ನಾಟಕದವನು’. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸನೆಂಬ ನಾಟ್ಯಾಚಾರ್ಯನು, ಕೇವಲ ಹೊಟ್ಟೆಪಾಡಿಗೆ ವಿದ್ಯೆಯನ್ನು ಇಟ್ಟುಕೊಂಡವನು ವಿದ್ಯೆಯನ್ನು ಮಾರುವ ವರ್ತಕನೆಂಬ ಅಭಿಪ್ರಾಯದ ಮಾತನ್ನಾಡುತ್ತಾನೆ. ಆ ಮಾತನ್ನಾಡುವವನು ತಾನೇ ಅರಮನೆಯ ಸಂಬಳ ತಿನ್ನುವವನೆಂಬುದನ್ನು ಕವಿಯು ನಗುತ್ತ ನೋಡುತ್ತಿದ್ದನೋ ಏನೋ! ಮೂವತ್ತು ವರ್ಷ ಸಂಬಳಕ್ಕೆ ಪಾಠ ಹೇಳಿದ ನನ್ನಂತಹವರಿಗೆ ಆ ಶ್ಲೋಕವು ಎಂದೂ ಹಿತವಾಗಿ ಕೇಳಿಸಿದ್ದಿಲ್ಲ.

ಇಂಗ್ಲೆಂಡಿನಲ್ಲಿ ಈ ಭೇದವು ಗೋಡೆಯಷ್ಟು ಗಟ್ಟಿಯಾಗಿತ್ತು. ಹವ್ಯಾಸಿಯೆಂದರೆ ಹಣವಂತ, ಕುಲೀನ. ವೃತ್ತಿಗಾರನೆಂದರೆ ಕ್ಲಬ್ಬಿನ ಸೇವಕರಲ್ಲಿ ಒಬ್ಬ. ದಾಂಡುಗಳನ್ನು ರಿಪೇರಿ ಮಾಡಬೇಕು, ಯಜಮಾನರಿಗೆ ಆಟ ಕಲಿಸಬೇಕು, ಆದರೆ ಕ್ಲಬ್ಬಿನ ಮುಖ್ಯ ಕಟ್ಟಡದೊಳಕ್ಕೆ ಸಾಮಾನ್ಯವಾಗಿ ಪ್ರವೇಶವಿಲ್ಲ. ದೇಶಕ್ಕೇ ದೊಡ್ಡ ಆಟಗಾರನಾಗಿದ್ದರೂ ಅಷ್ಟೇ.

ಹಾಗೆ ದೇಶಕ್ಕೇ ದೊಡ್ಡವನಾಗಿದ್ದವನು ಹ್ಯಾರಿ ವಾರ್ಡನ್. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಇರುವ ಜರ್ಸಿ ಎಂಬ ದ್ವೀಪದಲ್ಲಿ ೧೮೭೦ರಲ್ಲಿ ಹುಟ್ಟಿದನು. ತಂದೆ ತೋಟದ ಮಾಲಿ. ಮನೆಯ ತುಂಬ ಮಕ್ಕಳು. ಈತನು ಚಿಕ್ಕ ಹುಡುಗನಾಗಿದ್ದಾಗ ಊರಿನ ಗೋಮಾಳದ ಮೇಲೆ ದೊಡ್ಡಮನುಷ್ಯರು ಬಂದು ಗಾಲ್ಫ್ ಬಯಲನ್ನು ಮಾಡಿದರು. ಊರ ಹುಡುಗರಿಗೆ ಚೀಲ ಹೊರುವ ಕೆಲಸ ದೊರೆಯಿತು. ಹೊತ್ತವರಿಗೆ ಆಡುವ ಆಸೆಯಾಗದಿರುತ್ತದೆಯೇ? ಮರದ ಕೊಂಬೆಗಳನ್ನು ಕಡಿದು ದಾಂಡು ಮಾಡಿ, ದೊಡ್ಡ ಗೋಲಿಯನ್ನೇ ಚೆಂಡೆಂದು ಇಟ್ಟುಕೊಂಡು ಆ ಹುಡುಗರು ತಮ್ಮದೇ ಗಾಲ್ಫನ್ನು ಆಡಿದರು. ವಾರ್ಡನ್ನನು ಎಳವೆಯಲ್ಲಿಯೇ ಪರರ ಮನೆಯ ಊಳಿಗಕ್ಕೆ ನಿಂತವನು. ಅಂತಹವನು ಬ್ರಿಟಿಷ್ ಚಾಂಪಿಯನ್‌ಷಿಪ್ಪನ್ನು ೧೮೯೬ರಿಂದ ಮೊದಲ್ಗೊಂಡು ಆರು ಸಾರಿ ಗೆದ್ದನು. ಆರನೆಯ ಗೆಲವು ೧೯೧೪ರದು. ಆ ದಾಖಲೆಯನ್ನು ಈವರೆಗೆ ಯಾರೂ ಮೀರಿಲ್ಲ. ೧೯೦೦ರಲ್ಲಿ ಅಮೆರಿಕಾಕ್ಕೆ ಹೋಗಿ ಅಲ್ಲಿನ ಚಾಂಪಿಯನ್‌ಷಿಪ್ಪನ್ನೂ ತಂದನು. ನಡುವೆ, ೧೯೦೩ರಲ್ಲಿ, ಕ್ಷಯರೋಗವು ಹಿಡಿಯಿತು. ಬದುಕಿ ಉಳಿದನಾದರೂ ಕುಳಿಯ ಹತ್ತಿರದ ಸಣ್ಣ ಏಟುಗಳಲ್ಲಿ ಕೈ ನಡುಗುವುದು ಅವನನ್ನು ಬಿಡಲಿಲ್ಲ. ದಾಂಡನ್ನು ಹಿಡಿಯುವಾಗ ಒಂದು ಕೈಯ ಕಿರುಬೆರಳನ್ನು ಮತ್ತೊಂದು ಕೈಯ ಬೆರಳ ಮೇಲೆ ಸೇರಿಸುವ ಕ್ರಮವು ಇಂದಿಗೂ ಲೋಕದಲ್ಲಿ ‘ವಾರ್ಡನ್ ಹಿಡಿತ’ವೆಂದೇ ಪ್ರಸಿದ್ಧ.

ಆತನ ಸಂಗಡಿಗ ಟೆಡ್ ರೇ ಎಂಬವನೂ ಜರ್ಸಿಯವನೇ, ಏಳು ವರ್ಷ ಕಿರಿಯ. ಬೃಹದ್ದೇಹಿ, ಬಾಯಲ್ಲಿ ಸದಾ ಚುಟ್ಟಾನಳಿಕೆ, ಹೊಡೆದರೆ ಚೆಂಡು ಕಣ್ಣಿಗೆ ಕಾಣದಂತೆ ಹಾರಬೇಕು. ೧೯೧೨ರ ಬ್ರಿಟಿಷ್ ಚಾಂಪಿಯನ್ ಈತನು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಒಡೆಯನಾದ ಲಾರ್ಡ್ ನಾರ್ತ್‌ಕ್ಲಿಫನು ಇವರಿಬ್ಬರ ಅಮೆರಿಕಾ ಪ್ರವಾಸಕ್ಕೆ ಹಣವನ್ನೊದಗಿಸಿದನು. ಈ ಜೋಡಿಯು ಬರಲು ಅನುಕೂಲವಾಗಲೆಂದು ಅಮೆರಿಕಾದವರು ಜೂನ್ ತಿಂಗಳಲ್ಲಿ ನಡೆಯಬೇಕಾಗಿದ್ದ ತಮ್ಮ ಪಂದ್ಯವನ್ನೇ ಸೆಪ್ಟೆಂಬರಿಗೆ ಮುಂದೂಡಿದರೆಂದ ಮೇಲೆ ಇವರ ಪ್ರತಿಷ್ಠೆಯನ್ನು ಬೇರೆ ಹೇಳಬೇಕಿಲ್ಲ. ಗೆಲ್ಲುವವರು ಇವರಿಬ್ಬರಲ್ಲಿ ಒಬ್ಬರೆಂಬುದರಲ್ಲಿ ಸಂದೇಹಪಟ್ಟವರು ವಿರಳ.

ಇನ್ನು ನಮ್ಮ ಕಥಾನಾಯಕನಿಗೆ ಬರೋಣ. ಫ್ರಾನ್ಸಿಸ್ ವಿಮೆಟ್ ಎಂಬ ಈ ತರುಣನು ೧೮೯೩ರ ಮೇ ೮ರಂದು ಬ್ರೂಕ್‌ಲೈನಿನಲ್ಲಿಯೇ ಹುಟ್ಟಿದವನು. ತಂದೆ ಕೆನಡಾದಿಂದ ಬಂದ ಫ್ರೆಂಚ್ ಮೂಲದ ಕೂಲಿಗಾರ, ತಾಯಿ ಐರ್ಲೆಂಡಿನವಳು. ಇವರ ಸಣ್ಣ ಮನೆಯು ‘ಕಂಟ್ರಿ ಕ್ಲಬ್’ ಎಂಬ ಶ್ರೀಮಂತರ ಕ್ಲಬ್ಬಿನ ಎದುರಿಗೆ, ರಸ್ತೆಯ ಆಚೆಗೆ, ಸರಿಯಾಗಿ ಹದಿನೇಳನೆಯ ಕುಳಿಗೆ ಇದಿರಾಗಿತ್ತು. ಶಾಲೆಗೆ ಹೋಗುವ ಅಡ್ಡದಾರಿಯು ಆ ಬಯಲಿನ ಮೇಲೆಯೇ. ಹುಲ್ಲಿನಲ್ಲಿ ಕಳೆದುಹೋದ ಚೆಂಡುಗಳನ್ನು ಹೆಕ್ಕುತ್ತ, ಆಡುವವರನ್ನು ನೋಡುತ್ತ ಹುಡುಗನು ಬೆಳೆದನು. ಅಣ್ಣತಮ್ಮಂದಿರು ಮನೆಯ ಹಿಂದಣ ಹುಲ್ಲುಗಾವಲಿನಲ್ಲಿ ತಾವೇ ಮೂರು ಕುಳಿಗಳನ್ನು ತೋಡಿಕೊಂಡರು. ಸ್ವಲ್ಪ ದೊಡ್ಡವನಾದ ಮೇಲೆ ಕ್ಲಬ್ಬಿನಲ್ಲಿ ಕ್ಯಾಡಿಯಾದನು. ನಮ್ಮ ಕಾಲದಲ್ಲಿಯೂ ಬಿಡದಿಯ ಬಳಿಯ ಗಾಲ್ಫ್ ಬಯಲಿನ ನೆರೆಯ ಹಳ್ಳಿಯಿಂದ ಚಿಕ್ಕರಂಗಪ್ಪನೆಂಬ ಹುಡುಗನು ಎದ್ದುಬಂದು ಏಷ್ಯಾದ ಪಂದ್ಯಗಳಲ್ಲಿ ಆಡುವ ವೃತ್ತಿಗಾರನಾದುದುಂಟು. ಬೇಲಿಯ ಆಚೆ ಹುಟ್ಟಿದವನಿಗೆ ಬೇಲಿಯ ಈಚೆಯ ಆಟವು ಹೇಗೆ ಹತ್ತುತ್ತದೆಂಬುದಕ್ಕೆ ದೇಶಕಾಲಗಳ ಭೇದವಿಲ್ಲ.

ತಂದೆಗೆ ಈ ಆಟವು ಸೊಗಸಲಿಲ್ಲ. ಬಡವರ ಮಗನು ದುಡಿಯಬೇಕು, ದೊಡ್ಡವರ ಚಟ ಅವನಿಗೇಕೆ ಎಂಬುದು ಆತನ ಮತ. ತಂದೆಯನ್ನು ದೂಷಿಸುವುದು ಸುಲಭ. ಆದರೆ ಸಂಸಾರವನ್ನು ಹೊತ್ತ ಯಾವ ಗೃಹಸ್ಥನು ಹಾಗೆ ಹೇಳುತ್ತಿರಲಿಲ್ಲ? ಹುಡುಗನು ಓದನ್ನು ಬಿಟ್ಟು ಬಾಸ್ಟನ್ ಪಟ್ಟಣದಲ್ಲಿ ಆಟದ ಸಾಮಾನು ಮಾರುವ ‘ರೈಟ್ ಅಂಡ್ ಡಿಟ್ಸನ್’ ಎಂಬ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿದನು. ಒಂದು ವಯಸ್ಸು ಕಳೆದ ಮೇಲೂ ಕೂಲಿಗೆ ಚೀಲ ಹೊತ್ತರೆ ವೃತ್ತಿಗಾರನೆಂದು ಎಣಿಸಲ್ಪಡುವ ನಿಯಮವಿದ್ದುದರಿಂದ ಕ್ಯಾಡಿಯ ಕೆಲಸವನ್ನು ಬಿಟ್ಟಿದ್ದನು. ಹೀಗೆ, ಕುಲೀನರಿಗಾಗಿ ಮಾಡಿದ ‘ಹವ್ಯಾಸಿ’ ಎಂಬ ಹೆಸರು ಕಿಸೆಯಲ್ಲಿ ಕಾಸಿಲ್ಲದ ಗುಮಾಸ್ತನೊಬ್ಬನ ತಲೆಯ ಮೇಲೆ ಕುಳಿತಿತು. ಅದೇ ಬಯಲಿನಲ್ಲಿ ಜಗದ್ವಿಖ್ಯಾತರಾದ ವಾರ್ಡನ್ ಮತ್ತು ರೇ ಕೇವಲ ‘ವೃತ್ತಿಗಾರರು’.

ಆ ವರುಷದ ಪಂದ್ಯಕ್ಕೆ ಸೇರುವ ಮನಸ್ಸೇ ವಿಮೆಟನಿಗೆ ಇರಲಿಲ್ಲ. ಅಂಗಡಿಯಿಂದ ಸಿಕ್ಕಿದ ರಜೆಯನ್ನೆಲ್ಲ ಹವ್ಯಾಸಿಗಳ ಚಾಂಪಿಯನ್‌ಷಿಪ್ಪಿಗಾಗಿ ಆಗಲೇ ಖರ್ಚುಮಾಡಿದ್ದನು. ಗಾಲ್ಫ್ ಸಂಘದ ಅಧ್ಯಕ್ಷನು ಒತ್ತಾಯಿಸಿ ಹೆಸರನ್ನು ಸೇರಿಸಿದ್ದು ಮತ್ತು ಅಂಗಡಿಯ ಮೇಲಧಿಕಾರಿಯು ಮತ್ತೆ ಬಿಡುವು ಕೊಟ್ಟಿದ್ದು—ಇವೆರಡೂ ಕೂಡಿಬರದಿದ್ದರೆ ಈ ಲೇಖನವು ಇರುತ್ತಿರಲಿಲ್ಲ.

ಇನ್ನು ಚೀಲ ಹೊರುವವನ ಪ್ರಶ್ನೆ. ವಿಮೆಟನಿಗೆ ಕ್ಯಾಡಿಯಾಗಬೇಕಾಗಿದ್ದವನು ಜ್ಯಾಕ್ ಲೋವರಿ ಎಂಬ ಹುಡುಗ. ಶಾಲೆ ತಪ್ಪಿಸಿ ಬಂದಿದ್ದ ಅವನನ್ನು ಹಾಜರಿಯ ಅಧಿಕಾರಿಯು ಹಿಡಿದುಬಿಟ್ಟನು. ಆಗ ಅವನ ತಮ್ಮ, ಹತ್ತೇ ವರ್ಷದ ಎಡ್ಡಿ ಲೋವರಿ, ತಾನೂ ಶಾಲೆಗೆ ಚಕ್ಕರ್ ಹೊಡೆದು ಅಧಿಕಾರಿಯ ಕಣ್ಣು ತಪ್ಪಿಸಿ ಓಡಿಬಂದು ಚೀಲವನ್ನು ಹೆಗಲಿಗೇರಿಸಿದನು. ಚೀಲವೂ ಹುಡುಗನೂ ಎತ್ತರದಲ್ಲಿ ಹೆಚ್ಚುಕಡಿಮೆ ಸಮ. ಶಾಲೆ ತಪ್ಪಿಸಿದವನನ್ನು ಹೊಗಳುವುದು ಉಪಾಧ್ಯಾಯನಾಗಿದ್ದವನಿಗೆ ಸಲ್ಲದ ಕೆಲಸ. ಆದುದರಿಂದ ಹೊಗಳದೆ, ನಡೆದುದನ್ನು ನಡೆದಂತೆ ಹೇಳಿ ಮುಂದೆ ಹೋಗುತ್ತೇನೆ.

ಸೆಪ್ಟೆಂಬರ್ ೧೮, ಗುರುವಾರ, ಮೊದಲ ಎರಡು ಸುತ್ತುಗಳು. ಮರುದಿನ ಶುಕ್ರವಾರ ಮಳೆ ಹಿಡಿಯಿತು, ಬಯಲು ಕೆಸರಾಯಿತು. ಮೂರನೆಯ ಸುತ್ತು ಮುಗಿದಾಗ ಲೆಕ್ಕದ ಹಲಗೆಯನ್ನು ನೋಡಿದವರು ಕಣ್ಣುಜ್ಜಿಕೊಂಡಿರಬೇಕು. ವಾರ್ಡನ್ನನದು ೭೫, ೭೨, ೭೮. ರೇಯದು ೭೯, ೭೦, ೭೬. ಗುಮಾಸ್ತನದು ೭೭, ೭೪, ೭೪. ಕೂಡಿಸಿ ನೋಡಿ: ಮೂವರದೂ ೨೨೫! ಸಮುದ್ರವನ್ನು ದಾಟಿ ಬಂದ ಚಕ್ರವರ್ತಿಗಳಿಬ್ಬರ ಸರಿಸಮಕ್ಕೆ ಎದುರು ಮನೆಯ ಹುಡುಗ.

ಕೊನೆಯ ಸುತ್ತು ಉಳಿದಿತ್ತು. ರೇ ಮತ್ತು ವಾರ್ಡನ್ ಮೊದಲು ಆಡಿ ಮುಗಿಸಿದರು. ಕೆಸರಿನಲ್ಲಿ ಇಬ್ಬರಿಗೂ ೭೯ ಏಟುಗಳು ಬಿದ್ದವು, ಮೊತ್ತ ೩೦೪. ವಿಮೆಟನು ಇನ್ನೂ ಬಯಲಿನಲ್ಲಿದ್ದನು, ಆದರೆ ಅವನ ಸ್ಥಿತಿಯು ಅವರಿಗಿಂತ ಕೆಟ್ಟಿತ್ತು. ಮೊದಲ ಒಂಬತ್ತು ಕುಳಿಗಳಿಗೆ ೪೩ ಏಟು ತೆಗೆದುಕೊಂಡಿದ್ದನು. ಮೂರು ಏಟಿನಲ್ಲಿ ಮುಗಿಯಬೇಕಾದ ಹತ್ತನೆಯ ಕುಳಿಗೆ ಐದು ಹಿಡಿದವು. ಹನ್ನೆರಡು ಕುಳಿಗಳು ಕಳೆದಾಗ ಲೆಕ್ಕ ಹೀಗೆ ನಿಂತಿತು: ಉಳಿದ ಆರು ಕುಳಿಗಳನ್ನು ೨೨ ಏಟುಗಳಲ್ಲಿ, ಎಂದರೆ ನಿಗದಿಗಿಂತ ಎರಡು ಕಡಿಮೆಯಲ್ಲಿ ಮುಗಿಸಿದರೆ ಮಾತ್ರ ಸಮಬಲ. ಆ ಕೆಸರಿನಲ್ಲಿ ಚಾಂಪಿಯನ್ನರಿಗೇ ಸಾಧ್ಯವಾಗದುದು ಈತನಿಂದ ಆದೀತೇ? ನೋಡಲು ಬಂದವರಲ್ಲಿ ಬಹುಮಂದಿ ಆಸೆ ಬಿಟ್ಟಿದ್ದರು.

ಹದಿಮೂರನೆಯ ಕುಳಿಯಲ್ಲಿ ಹಸಿರು ಹಾಸಿನ ಹೊರಗಿನಿಂದ ಮೆಲ್ಲನೆ ಎತ್ತಿ ಹೊಡೆದ ಚೆಂಡು ಉರುಳುತ್ತ ಹೋಗಿ ನೇರವಾಗಿ ಕುಳಿಯಲ್ಲಿ ಬಿದ್ದಿತು. ಒಂದು ಏಟು ಉಳಿಯಿತು. ಹದಿನಾಲ್ಕು, ಹದಿನೈದು, ಹದಿನಾರು ಇವು ಮೂರನ್ನೂ ನಿಗದಿಯಂತೆ ಕಷ್ಟಪಟ್ಟು ಕಾಪಾಡಿಕೊಂಡನು. ಇನ್ನೊಂದು ಏಟನ್ನು ಉಳಿಸಬೇಕು, ಎರಡೇ ಕುಳಿಗಳು ಮಿಕ್ಕಿವೆ.

ಹದಿನೇಳನೆಯದು ತನ್ನ ಮನೆಯ ಎದುರಿನ ಕುಳಿ. ಬಾಲ್ಯದಿಂದ ಕಿಟಕಿಯಲ್ಲಿ ಕಂಡ ನೆಲ. ಅದರ ಏರಿಳಿತವು ಅವನಿಗೆ ಅಂಗೈಯ ರೇಖೆಯಂತೆ ತಿಳಿದಿತ್ತು. ಚೆಂಡು ಹಸಿರಿನ ಮೇಲೆ ಬಂದು ನಿಂತಿತು, ಆದರೆ ಕುಳಿಗೆ ಇನ್ನೂ ಬಹಳ ದೂರ, ಇಳಿಜಾರು ಬೇರೆ. ಆ ಹೊತ್ತಿಗೆ ಪಕ್ಕದ ರಸ್ತೆಯಲ್ಲಿ ಮೋಟಾರುಗಳು ಜನಸಂದಣಿಗೆ ಸಿಕ್ಕಿ ನಿಂತು ಭೋಂಭೋಂ ಎಂದು ಹಾರನ್ನುಗಳನ್ನು ಒತ್ತುತ್ತಿದ್ದವು. ನೆರೆದವರಿಗೆ ಕಿವಿ ಮುಚ್ಚಿಕೊಳ್ಳುವಂತಿತ್ತು; ವಿಮೆಟನಿಗೆ ಆ ಸದ್ದು ಕೇಳಿಸಲೇ ಇಲ್ಲವಂತೆ. ಗುರಿಯ ಹಕ್ಕಿಯ ಕಣ್ಣಲ್ಲದೆ ಬೇರೇನೂ ಕಾಣದ ಅರ್ಜುನನ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಇದು ಕಿವಿಗೆ ಸಂಬಂಧಿಸಿದ ಅದೇ ಕಥೆ. ಚೆಂಡು ಇಳಿಜಾರಿನಲ್ಲಿ ಜಾರಿ ಕುಳಿಯ ಹಿಂಬದಿಗೆ ತಾಗಿ ಒಳಗೆ ಬಿದ್ದಿತು. ಹದಿನೆಂಟನೆಯದನ್ನು ನಿಗದಿಯ ನಾಲ್ಕರಲ್ಲಿ ಮುಗಿಸಿದನು. ಈ ಸುತ್ತು ಅವನಿಗೂ ೭೯. ಮೊತ್ತ ಅವನದೂ ೩೦೪. ಆರು ಕುಳಿಗಳಿಗೆ ಸರಿಯಾಗಿ ಇಪ್ಪತ್ತೆರಡು.

ಮೂವರಿಗೂ ಮರುದಿನ, ೨೦ನೆಯ ತಾರೀಖು ಶನಿವಾರ, ಹದಿನೆಂಟು ಕುಳಿಗಳ ನಿರ್ಣಾಯಕ ಸುತ್ತು ಗೊತ್ತಾಯಿತು.

ಆ ಬೆಳಗ್ಗೆ ಒಂದು ಸಣ್ಣ ಪ್ರಸಂಗವು ನಡೆಯಿತು. ನನ್ನ ದೃಷ್ಟಿಯಲ್ಲಿ ಆ ದಿನದ ಉಳಿದೆಲ್ಲ ಏಟುಗಳಿಗಿಂತ ಇದು ದೊಡ್ಡದು. ಇಷ್ಟು ಮಹತ್ತಾದ ಪಂದ್ಯಕ್ಕೆ ಹತ್ತು ವರ್ಷದ ಪೋರನು ಚೀಲ ಹೊರುವುದೇ ಎಂದು ಕೆಲವರಿಗೆ ಅನ್ನಿಸಿತು. ಅನುಭವಸ್ಥನೊಬ್ಬನು ಜೊತೆಗಿದ್ದರೆ ಲೇಸೆಂದು ವಿಮೆಟನಿಗೆ ಹಿತವಚನ ಹೇಳಿದರು. ಎಡ್ಡಿಗೆ ಹಣದ ಆಸೆ ತೋರಿಸಿ ಚೀಲವನ್ನು ಬಿಡಿಸಲೂ ನೋಡಿದರು. ಹುಡುಗನು ಕಣ್ಣೀರು ತುಂಬಿಕೊಂಡು ನಿಂತನು, ಚೀಲವನ್ನು ಮಾತ್ರ ಬಿಡಲಿಲ್ಲ. ವಿಮೆಟನು ಅವನ ಮುಖವನ್ನು ನೋಡಿ, ತನಗೆ ಈ ಕ್ಯಾಡಿಯೇ ಸಾಕೆಂದನು. ಹಿತವಚನ ಹೇಳಿದವರು ದುಷ್ಟರೆಂದಲ್ಲ. ಲೋಕದಲ್ಲಿ ದೊಡ್ಡ ದಿನಗಳು ಬಂದಾಗ ಸಣ್ಣವರನ್ನು ಮೆಲ್ಲನೆ ಪಕ್ಕಕ್ಕೆ ಸರಿಸುವುದು ವಾಡಿಕೆ. ಅವರು ಆ ವಾಡಿಕೆಯಂತೆ ನಡೆದರು. ಮದುವೆಯ ಮನೆಯಲ್ಲಿ ವಾರವೆಲ್ಲ ದುಡಿದ ಹುಡುಗನನ್ನು ಬೀಗರು ಬರುವ ಹೊತ್ತಿಗೆ ಹಿತ್ತಿಲಿಗೆ ಕಳುಹಿಸುವುದನ್ನು ಕಾಣದವರು ಯಾರು?

ನಿರ್ಣಾಯಕ ಸುತ್ತಿನಲ್ಲಿ ವಿಮೆಟನ ಏಟುಗಳನ್ನು ಬರೆದುಕೊಳ್ಳಲು ಗೊತ್ತಾದವನು ‘ಟೈಮ್ಸ್’ ಪತ್ರಿಕೆಯ ಗಾಲ್ಫ್ ಲೇಖಕ ಬರ್ನಾರ್ಡ್ ಡಾರ್ವಿನ್. ಜೀವವಿಕಾಸದ ಸಿದ್ಧಾಂತವನ್ನು ಹೇಳಿದ ಚಾರ್ಲ್ಸ್ ಡಾರ್ವಿನ್ನನ ಮೊಮ್ಮಗ. ತನ್ನ ದೇಶದವರ ಗೆಲವನ್ನು ವರದಿ ಮಾಡಲು ಬಂದವನು ಅವರ ಸೋಲಿಗೆ ಕರಣಿಕನಾಗಬೇಕಾಯಿತು! ಸಾವಿರಾರು ಜನರು ನೆರೆದಿದ್ದರು. ಮೊದಲ ಒಂಬತ್ತು ಕುಳಿಗಳು ಮುಗಿದಾಗ ಮೂವರಿಗೂ ೩೮, ಇನ್ನೂ ಸಮವೇ. ಹತ್ತನೆಯದರಲ್ಲಿ ಹಿರಿಯರಿಬ್ಬರೂ ಕುಳಿಯ ಹತ್ತಿರ ಮೂರು ಮೂರು ಏಟು ತೆಗೆದುಕೊಂಡರು, ವಿಮೆಟನು ನಿಗದಿಯಂತೆ ಮುಗಿಸಿ ಒಂದು ಏಟು ಮುಂದಾದನು. ಹನ್ನೆರಡರಲ್ಲಿ ಮತ್ತೊಂದು. ಹದಿಮೂರರಲ್ಲಿ ವಾರ್ಡನ್ನನು ಒಂದನ್ನು ಮರಳಿ ಪಡೆದನು. ಹದಿನೈದರಲ್ಲಿ ರೇಯು ಆರು ಏಟು ಹೊಡೆದು ಹಿಂದೆ ಬಿದ್ದನು. ಎಡ್ಡಿಯು ಒಂದೊಂದು ಏಟಿಗೂ ಮುಂಚೆ, ಕಣ್ಣನ್ನು ಚೆಂಡಿನ ಮೇಲಿಂದ ತೆಗೆಯಬೇಡವೆಂದು ವಿಮೆಟನಿಗೆ ನೆನಪು ಮಾಡುತ್ತಿದ್ದನಂತೆ. ಹತ್ತು ವರ್ಷದವನು ಇಪ್ಪತ್ತು ವರ್ಷದವನಿಗೆ ಹೇಳಿದ ಪಾಠವಿದು.

ಹದಿನೇಳನೆಯ ಕುಳಿಗೆ ಬಂದಾಗ ವಾರ್ಡನ್ನನು ಒಂದೇ ಏಟು ಹಿಂದಿದ್ದನು. ಈ ಕುಳಿಯ ದಾರಿಯು ನಡುವೆ ಎಡಕ್ಕೆ ಬಾಗುತ್ತದೆ. ಬಾಗಿದ ಮೂಲೆಯಲ್ಲಿ ಮರಳುಗುಂಡಿ. ಮೂಲೆಯನ್ನು ಉಜ್ಜಿಕೊಂಡು ಹೋದರೆ ಹತ್ತಿರ, ತಪ್ಪಿದರೆ ಮರಳು. ಹದಿಮೂರು ವರ್ಷಗಳ ಹಿಂದೆ ಇದೇ ಚಾಂಪಿಯನ್‌ಷಿಪ್ಪನ್ನು ಗೆದ್ದಿದ್ದ ವಾರ್ಡನ್ನನು ಈಗ ಸಾಹಸ ಮಾಡಲೇಬೇಕಾಗಿತ್ತು, ಮಾಡಿದನು. ಚೆಂಡು ಮರಳಿನಲ್ಲಿ ಬಿದ್ದಿತು. ಅವನಿಗೆ ಐದು ಏಟು. ವಿಮೆಟನು ನೇರವಾಗಿ ಹೊಡೆದು, ಹಿಂದಿನ ದಿನದಂತೆಯೇ ಮೂರರಲ್ಲಿ ಮುಗಿಸಿದನು. ಅಂತರವು ಮೂರಾಯಿತು. ಕೊನೆಯ ಕುಳಿಯಲ್ಲಿ ಹುಡುಗನಿಗೆ ನಾಲ್ಕು, ವಾರ್ಡನ್ನನಿಗೆ ಆರು. ಒಟ್ಟು ವಿಮೆಟನಿಗೆ ೭೨, ವಾರ್ಡನ್ನನಿಗೆ ೭೭, ರೇಗೆ ೭೮.

ಜನರು ವಿಮೆಟನನ್ನು ಹೆಗಲ ಮೇಲೆ ಹೊತ್ತರು. ಎಡ್ಡಿಗಾಗಿ ಟೋಪಿಯನ್ನು ತಿರುಗಿಸಿ ಹಣವನ್ನು ಕೂಡಿಸಿದರು. ವಿಮೆಟನಿಗೆ ಪದಕವೇ ಹೊರತು ಹಣವಿಲ್ಲ, ಹವ್ಯಾಸಿಯಲ್ಲವೇ! ಅಮೆರಿಕಾದ ಸರ್ವಮುಕ್ತ ಚಾಂಪಿಯನ್‌ಷಿಪ್ಪನ್ನು ಹವ್ಯಾಸಿಯೊಬ್ಬನು ಗೆದ್ದುದು ಅದೇ ಮೊದಲು. ಆಮೇಲೆ ನಾಲ್ವರು ಗೆದ್ದರು. ೧೯೩೩ರ ತರುವಾಯ ಯಾರೂ ಗೆದ್ದಿಲ್ಲ.

ಸೋತವರ ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆ ದಿನ ಬಯಲಿನಲ್ಲಿದ್ದ ಮೂವರು ಆಟಗಾರರೂ ಬಡವರ ಮಕ್ಕಳು. ಬೇರೆಯವರ ಚೀಲ ಹೊತ್ತು ಆಟ ಕಲಿತವರು. ಇಂಗ್ಲೆಂಡಿನ ಹಿರಿಮೆಯನ್ನು ಅಮೆರಿಕಾದ ಹುಡುಗನು ಮುರಿದನೆಂದು ಪತ್ರಿಕೆಗಳು ಹೊಗಳಿದವು. ನನಗೆ ತೋರುವುದು ಬೇರೆ. ಶ್ರೀಮಂತರ ಕ್ಲಬ್ಬಿನ ಅಂಗಳದಲ್ಲಿ, ಶ್ರೀಮಂತರೆಲ್ಲ ಹಗ್ಗದಾಚೆಗೆ ಪ್ರೇಕ್ಷಕರಾಗಿ ನಿಂತಿದ್ದಾಗ, ಒಳಗಿದ್ದವರು ಮಾಲಿಯ ಮಗ, ಜರ್ಸಿಯ ಹಳೆಯ ಕ್ಯಾಡಿ, ಅಂಗಡಿಯ ಗುಮಾಸ್ತ ಮತ್ತು ಶಾಲೆ ತಪ್ಪಿಸಿದ ಒಬ್ಬ ಪೋರ. ರೇಯು ೧೯೨೦ರಲ್ಲಿ ಮತ್ತೆ ಅಮೆರಿಕಾಕ್ಕೆ ಬಂದು ಒಹಾಯೋ ಪ್ರಾಂತದ ಇನ್ವರ್‌ನೆಸ್ ಕ್ಲಬ್ಬಿನಲ್ಲಿ ಚಾಂಪಿಯನ್ನನಾದನು. ಆ ಪಂದ್ಯದ ವಿಶೇಷವೇನೆಂದರೆ, ಆ ಕ್ಲಬ್ಬು ತನ್ನ ಕಟ್ಟಡದ ಬಾಗಿಲನ್ನು ವೃತ್ತಿಗಾರರಿಗೂ ತೆರೆಯಿತು. ಕೃತಜ್ಞರಾದ ಆಟಗಾರರು ವಂತಿಗೆ ಎತ್ತಿ ಕ್ಲಬ್ಬಿಗೆ ಒಂದು ಎತ್ತರದ ನಿಲುಗಡಿಯಾರವನ್ನು ಕಾಣಿಕೆಯಿತ್ತರು. ವಾರ್ಡನ್ನನು ೧೯೩೭ರಲ್ಲಿ ತೀರಿಕೊಂಡನು.

ಗೆದ್ದವನ ಮುಂದಿನ ಬಾಳು ಸುಗಮವಾಗಿರಲಿಲ್ಲ. ೧೯೧೪ರಲ್ಲಿ ಹವ್ಯಾಸಿಗಳ ಚಾಂಪಿಯನ್‌ಷಿಪ್ಪನ್ನೂ ಗೆದ್ದು, ಹೊಟ್ಟೆಪಾಡಿಗಾಗಿ ಸ್ನೇಹಿತನೊಬ್ಬನೊಡನೆ ಆಟದ ಸಾಮಾನಿನ ಅಂಗಡಿಯನ್ನು ತೆರೆದನು. ಗಾಲ್ಫಿನಿಂದ ಬಂದ ಹೆಸರನ್ನು ವ್ಯಾಪಾರಕ್ಕೆ ಉಪಯೋಗಿಸುತ್ತಾನೆಂದು ಗಾಲ್ಫ್ ಸಂಘವು ೧೯೧೬ರಲ್ಲಿ ಅವನನ್ನು ಹವ್ಯಾಸಿಗಳ ಪಂಗಡದಿಂದ ಹೊರಹಾಕಿತು. ಆಸ್ತಿಯ ವರಮಾನದಲ್ಲಿ ಬಾಳುವವನಿಗೆ ‘ಹವ್ಯಾಸಿ’ಯಾಗಿರುವುದು ಸುಲಭ, ಅಂಗಡಿಯಿಟ್ಟು ಬಾಳುವವನಿಗೆ ಕಷ್ಟ. ಗಣದಾಸನ ಶ್ಲೋಕಕ್ಕೆ ಇದಕ್ಕಿಂತ ಕಟುವಾದ ವ್ಯಾಖ್ಯಾನವನ್ನು ನಾನು ಕ್ಲಾಸಿನಲ್ಲಿ ಎಂದೂ ಹೇಳಿಲ್ಲ. ಜನರು ಗದ್ದಲವೆಬ್ಬಿಸಿದರು. ಮಹಾಯುದ್ಧವು ಬಂದು ವಿಮೆಟನು ಸೈನ್ಯವನ್ನು ಸೇರಿದ ಮೇಲೆ, ೧೯೧೮ರಲ್ಲಿ, ಸಂಘವು ತನ್ನ ತೀರ್ಮಾನವನ್ನು ಹಿಂತೆಗೆದುಕೊಂಡಿತು. ಆತನು ಕೊನೆಯವರೆಗೂ ಹವ್ಯಾಸಿಯಾಗಿಯೇ ಉಳಿದನು. ೧೯೩೧ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಎರಡನೆಯ ಸಾರಿ ಹವ್ಯಾಸಿ ಚಾಂಪಿಯನ್ನನಾದನು. ೧೯೫೧ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸಿನ ರಾಯಲ್ ಅಂಡ್ ಏನ್ಷಿಯಂಟ್ ಎಂಬ ಪುರಾತನ ಗಾಲ್ಫ್ ಸಂಸ್ಥೆಯು ಅವನನ್ನು ತನ್ನ ನಾಯಕನನ್ನಾಗಿ ಆರಿಸಿತು. ಅಮೆರಿಕಾದವನೊಬ್ಬನಿಗೆ ಆ ಗೌರವವು ಸಂದುದು ಅದೇ ಮೊದಲು.

ಎಡ್ಡಿ ಲೋವರಿಯು ಬೆಳೆದು ಕ್ಯಾಲಿಫೋರ್ನಿಯಾದಲ್ಲಿ ಮೋಟಾರು ವ್ಯಾಪಾರದಿಂದ ದೊಡ್ಡ ಶ್ರೀಮಂತನಾದನು. ಇಬ್ಬರ ಸ್ನೇಹವು ಅರ್ಧಶತಮಾನ ಕಳೆದರೂ ಸಡಿಲಲಿಲ್ಲ. ೧೯೬೭ರಲ್ಲಿ ವಿಮೆಟನು ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಲೋವರಿಯೂ ಒಬ್ಬನು.

ಬ್ರೂಕ್‌ಲೈನಿನ ಬಯಲಿನಲ್ಲಿ ಆ ಚಾಂಪಿಯನ್‌ಷಿಪ್ ಪಂದ್ಯವು ಮತ್ತೆ ೧೯೬೩, ೧೯೮೮ ಮತ್ತು ೨೦೨೨ರಲ್ಲಿ ನಡೆದಿದೆ. ಓದನ್ನು ನಡುವೆ ಬಿಟ್ಟ ಆ ಗುಮಾಸ್ತನ ಹೆಸರಿನಲ್ಲಿ ೧೯೪೯ರಲ್ಲಿ ಒಂದು ವಿದ್ಯಾರ್ಥಿವೇತನದ ನಿಧಿಯು ಸ್ಥಾಪಿತವಾಯಿತು. ಮ್ಯಾಸಚೂಸೆಟ್ಸ್ ಪ್ರಾಂತದ ಗಾಲ್ಫ್ ಬಯಲುಗಳಲ್ಲಿ ಚೀಲ ಹೊತ್ತು ದುಡಿಯುವ ಹುಡುಗ ಹುಡುಗಿಯರಿಗೆ ಅದು ಇಂದಿಗೂ ಕಾಲೇಜಿನ ಫೀಜಿಗೆ ನೆರವಾಗುತ್ತದೆ.